ವೈರಸ್ ಜೀವಕೋಶದ ಜೀನ್‌ಗಳನ್ನು ಎಲ್ಲಿ ತಡೆಯುತ್ತದೆ? ಪ್ರಯೋಗಾಲಯದಲ್ಲಿ ಪತ್ತೆ ಹಚ್ಚುವ ಕ್ರಮ

ವೈರಸ್ಸಿಗೆ ಸ್ವಂತದ್ದು ಎನ್ನಲು ಒಂದು ರೈಬೋಸೋಮ್ (ಪ್ರೋಟೀನ್ ಕಟ್ಟುವ ಯಂತ್ರ) ಕೂಡ ಇಲ್ಲ. ತನ್ನ ಪ್ರೋಟೀನುಗಳನ್ನೆಲ್ಲ ಅದು ಹೊಕ್ಕ ಜೀವಕೋಶದ ರೈಬೋಸೋಮ್‌ಗಳಿಂದಲೇ ಮಾಡಿಸಿಕೊಳ್ಳಬೇಕು. ಆದರೆ ಅವೆಲ್ಲ ಅದಾಗಲೇ ಕೋಶದ ಎಂಆರ್‌ಎನ್‌ಎಗಳನ್ನು (ಜೀನ್‌ನ ಸಂದೇಶ ಹೊತ್ತ ಪ್ರತಿಗಳನ್ನು) ಓದುವುದರಲ್ಲಿ ತೊಡಗಿರುತ್ತವೆ. ಸಾಲದ್ದಕ್ಕೆ, ವೈರಸ್ ಬಂದ ಸುಳಿವು ಸಿಕ್ಕಿದ್ದೇ ಕೋಶ ಇಂಟರ್‌ಫೆರಾನ್ ಎಂಬ ರಕ್ಷಣಾ ಪ್ರೋಟೀನ್ ತಯಾರಿಸಲು ಹೊರಡುತ್ತದೆ. ಇವೆರಡನ್ನೂ ಒಟ್ಟಿಗೆ ನಿಭಾಯಿಸಲು ಹಲವು ವೈರಸ್‌ಗಳು ಕೋಶದ ಜೀನ್ ಅಭಿವ್ಯಕ್ತಿಯನ್ನೇ ಹಿಡಿದು ನಿಲ್ಲಿಸುತ್ತವೆ. ಹೋಸ್ಟ್ ಶಟ್‌ಆಫ್ ಎಂದು ಕರೆಯುವುದು ಇದನ್ನೇ.

ಕರಾವಳಿಯ ಕೊಣಾಜೆ, ದೇರಳಕಟ್ಟೆ, ಮಣಿಪಾಲದ ಕಡೆ ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಎಂಎಸ್ಸಿ ಮಾಡುವವರಿಗೆ, ಪಿಎಚ್‌ಡಿಯ ಮೊದಲ ವರ್ಷದಲ್ಲಿರುವವರಿಗೆ ಈ ವಿಷಯ ಪ್ರಾಜೆಕ್ಟಿಗೆ ಚೆನ್ನಾಗಿ ಒದಗುತ್ತದೆ. ಕಾರಣ, ಇದಕ್ಕೆ ಜೀವಂತ ವೈರಸ್ ಬೇಕಿಲ್ಲ. ವೈರಸ್ಸಿನ ಒಂದೇ ಒಂದು ಪ್ರೋಟೀನಿನ ಪ್ಲಾಸ್ಮಿಡ್ (ಅದರ ಜೀನ್ ಹೊತ್ತ ಉಂಗುರದಂಥ ಡಿಎನ್‌ಎ), ಸಾಧಾರಣ ಸೆಲ್ ಕಲ್ಚರ್ ಕೋಣೆ, ಬೆಳಕು ಅಳೆಯುವ ಒಂದು ಲ್ಯುಮಿನೋಮೀಟರ್ ಇದ್ದರೆ ಕೆಲಸ ಶುರು ಮಾಡಬಹುದು. ಎಡವುವುದು ಬೇರೆ ಕಡೆ. ಬೆಳಕು ಹೊರಡಿಸುವ ಕಿಣ್ವವಾದ ಲ್ಯೂಸಿಫರೇಸ್‌ನ ಬೆಳಕು ಕಡಿಮೆಯಾಯಿತು ಎಂದ ಕೂಡಲೇ “ವೈರಸ್ ಪ್ರೋಟೀನ್ ಟ್ರಾನ್ಸ್‌ಲೇಶನ್ ನಿಲ್ಲಿಸಿತು” ಎಂದು ಬರೆದುಬಿಡುತ್ತಾರೆ (ಎಂಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟುವುದೇ ಟ್ರಾನ್ಸ್‌ಲೇಶನ್). ಬೆಳಕು ತಗ್ಗಲು ಕಡಿಮೆಯೆಂದರೂ ಐದು ಕಾರಣಗಳುಂಟು. ಒಂದೊಂದನ್ನೇ ಕಳೆಯುತ್ತ ಹೋಗಿ, ಉಳಿದದ್ದನ್ನು ಮಾತ್ರ ಹೇಳಬೇಕು.

ತಡೆ ಎಲ್ಲೆಲ್ಲಿ ಬೀಳಬಹುದು

ಮೊದಲು ನಿಮ್ಮ ಪ್ರೋಟೀನ್ ಯಾವ ಹಂತಕ್ಕೆ ಕೈ ಹಾಕುತ್ತದೆ ಎಂಬ ಅಂದಾಜು ಇರಲಿ. ಕಂಟ್ರೋಲ್‌ಗಳ (ಹೋಲಿಕೆಯ ಮಾದರಿಗಳ) ಆಯ್ಕೆ ಅದನ್ನೇ ಅವಲಂಬಿಸಿದೆ.

ಕೆಲವು ವೈರಸ್‌ಗಳು ಟ್ರಾನ್ಸ್‌ಕ್ರಿಪ್ಶನ್ (ಡಿಎನ್‌ಎಯಿಂದ ಎಂಆರ್‌ಎನ್‌ಎ ಹುಟ್ಟುವ) ಹಂತದಲ್ಲೇ ತಡೆಯುತ್ತವೆ. 2005–06ರಲ್ಲಿ ದೇಶವನ್ನೆಲ್ಲ ಕಾಡಿದ ಚಿಕೂನ್‌ಗುನ್ಯಾದ ವೈರಸ್ ಈ ಗುಂಪಿನದು. ಅದರ ಎನ್‌ಎಸ್‌ಪಿ2 ಪ್ರೋಟೀನ್ ಕೋಶಕೇಂದ್ರಕ್ಕೆ ಹೋಗಿ ಎಂಆರ್‌ಎನ್‌ಎ ತಯಾರಿಸುವ ಕಿಣ್ವವಾದ ಆರ್‌ಎನ್‌ಎ ಪಾಲಿಮರೇಸ್-2ರ ಮುಖ್ಯ ಘಟಕವಾದ ಆರ್‌ಪಿಬಿ1 ನಾಶವಾಗುವಂತೆ ಮಾಡುತ್ತದೆ. ಆಮೇಲೆ ಹೊಸ ಎಂಆರ್‌ಎನ್‌ಎ ಹುಟ್ಟುವುದೇ ಇಲ್ಲ. ಇನ್ನು ಕೆಲವು, ಹುಟ್ಟಿದ ಎಂಆರ್‌ಎನ್‌ಎ ಪಕ್ವವಾಗದಂತೆ ಅಥವಾ ಕೋಶಕೇಂದ್ರದಿಂದ ಹೊರಗೆ ಬಾರದಂತೆ ನೋಡಿಕೊಳ್ಳುತ್ತವೆ. ಇನ್‌ಫ್ಲುಯೆಂಜಾ-ಎ ವೈರಸ್ಸಿನ ಎನ್‌ಎಸ್1 ಪ್ರೋಟೀನ್ ಕೋಶದ ಸಿಪಿಎಸ್‌ಎಫ್30 ಪ್ರೋಟೀನಿಗೆ ಅಂಟಿಕೊಂಡು, ಎಂಆರ್‌ಎನ್‌ಎಯ ಬಾಲದ ತುದಿ ಸರಿಯಾಗಿ ಕತ್ತರಿಸಿ ಸಿದ್ಧವಾಗುವುದನ್ನು ತಡೆಯುತ್ತದೆ. ವೆಸಿಕ್ಯುಲಾರ್ ಸ್ಟೊಮಟೈಟಿಸ್ ವೈರಸ್ಸಿನ ಎಂ ಪ್ರೋಟೀನ್ ಸಾಗಣೆಯ ಪ್ರೋಟೀನುಗಳಾದ ಆರ್‌ಎಇ1 ಮತ್ತು ಎನ್‌ಯುಪಿ98ನ್ನು ಹಿಡಿದು ಹೊರದಾರಿಯನ್ನೇ ಮುಚ್ಚುತ್ತದೆ.

ಮೂರನೆಯ ಬಗೆಯವು ಎಂಆರ್‌ಎನ್‌ಎಯನ್ನೇ ಕತ್ತರಿಸಿ ಹಾಕುತ್ತವೆ. ಹರ್ಪಿಸ್ ಸಿಂಪ್ಲೆಕ್ಸ್‌ನ ವಿಎಚ್‌ಎಸ್ ಪ್ರೋಟೀನ್ ವೈರಸ್ ಕಣದೊಳಗೇ ಕೂತು ಬರುವುದರಿಂದ, ಸೋಂಕು ತಗಲಿದ ಕೂಡಲೇ ಕೆಲಸ ಶುರುಮಾಡುತ್ತದೆ. 2012ರಲ್ಲಿ ಗುರುತಾದ ಇನ್‌ಫ್ಲುಯೆಂಜಾದ ಪಿಎ-ಎಕ್ಸ್ ಕೂಡ ಆರ್‌ಎನ್‌ಎ ಕತ್ತರಿಯೇ. ಗಮನಿಸಿ, ಪಿಎ-ಎಕ್ಸ್ ಪಾಲಿಮರೇಸ್-2 ತಯಾರಿಸಿದ ಆರ್‌ಎನ್‌ಎಗಳನ್ನು ಮಾತ್ರ ಕತ್ತರಿಸುತ್ತದೆ. ಪಾಲಿಮರೇಸ್-1 ಮತ್ತು 3ರ ಆರ್‌ಎನ್‌ಎಗಳ ಗೊಡವೆಗೆ ಹೋಗುವುದಿಲ್ಲ. ಆರ್‌ಎನ್‌ಎ ಪ್ರಮಾಣ ಅಳೆಯುವ ಕ್ಯುಪಿಸಿಆರ್‌ನಲ್ಲಿ ನಮ್ಮನ್ನು ಕಾಪಾಡುವುದು ಇದೇ ಗುಣ.

ಕೊನೆಯದು ಟ್ರಾನ್ಸ್‌ಲೇಶನ್. ಪೋಲಿಯೋ ವೈರಸ್ಸಿನ 2ಎ ಪ್ರೋಟಿಯೇಸ್ ಕೋಶದ ಇಐಎಫ್4ಜಿ ಪ್ರೋಟೀನನ್ನು ತುಂಡರಿಸುವುದರಿಂದ, ಕ್ಯಾಪ್ (ಎಂಆರ್‌ಎನ್‌ಎಯ ಮುಂತುದಿಯ ಟೋಪಿ) ಹಿಡಿದು ರೈಬೋಸೋಮ್ ಕರೆತರುವ ಕೋಶದ ವ್ಯವಸ್ಥೆ ನಿಂತುಹೋಗುತ್ತದೆ. ಪೋಲಿಯೋದ ಆರ್‌ಎನ್‌ಎಗೆ ಕ್ಯಾಪೇ ಇಲ್ಲ. ಐರೆಸ್ ಎಂಬ ತನ್ನದೇ ರಚನೆಯ ಮೂಲಕ ಅದು ರೈಬೋಸೋಮನ್ನು ಕರೆದುಕೊಳ್ಳುತ್ತದೆ. ಈ ಐರೆಸ್ ಪತ್ತೆಯಾದದ್ದು 1988ರಲ್ಲಿ.

ಕೋವಿಡ್ ತಂದ ಸಾರ್ಸ್-ಕೋವ್-2ರ ಎನ್‌ಎಸ್‌ಪಿ1 ಇನ್ನೂ ನೇರ ದಾರಿ ಹಿಡಿಯುತ್ತದೆ. 180 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಇದು. ಇದರ ಸಿ-ತುದಿಯ ಭಾಗ ರೈಬೋಸೋಮ್‌ನ 40ಎಸ್ ಘಟಕದಲ್ಲಿ ಎಂಆರ್‌ಎನ್‌ಎ ಒಳಹೋಗುವ ಕಾಲುವೆಯೊಳಗೇ ಕೂತುಬಿಡುತ್ತದೆ. 2020ರಲ್ಲೇ ಕ್ರಯೋ-ಎಲೆಕ್ಟ್ರಾನ್ ಮೈಕ್ರೋಸ್ಕೋಪಿಯಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಕೋಶದ ಎಂಆರ್‌ಎನ್‌ಎಗಳ ಕತ್ತರಿಸುವಿಕೆಯೂ ಇದರ ಜೊತೆಗೆ ನಡೆಯುತ್ತದೆ. ವೈರಸ್ಸಿನ ಸ್ವಂತ ಆರ್‌ಎನ್‌ಎಗಳು ಮಾತ್ರ 5′ ತುದಿಯ ಲೀಡರ್ ಭಾಗದಲ್ಲಿರುವ ಎಸ್‌ಎಲ್1 ಎಂಬ ಸುರುಳಿಯ ಬಲದಿಂದ ಪಾರಾಗುತ್ತವೆ.

ಕಲಿಯಲು ಎನ್‌ಎಸ್‌ಪಿ1ರಷ್ಟು ಒಳ್ಳೆಯ ಮಾದರಿ ಬೇರೆ ಇಲ್ಲ. ಪರಿಣಾಮ ದೊಡ್ಡದು, ಕಂಟ್ರೋಲ್ ಆಗುವ ಮ್ಯೂಟಂಟ್ (ಬದಲಿಸಿದ ರೂಪ) ಎಲ್ಲರಿಗೂ ಗೊತ್ತಿರುವಂಥದ್ದು. ಮುಂದಿನ ಕ್ರಮವೆಲ್ಲ ಅದನ್ನೇ ಇಟ್ಟುಕೊಂಡು ಬರೆದದ್ದು. ಬೇರೆ ಪ್ರೋಟೀನಾದರೂ ಕ್ರಮ ಇದೇ. ಡೆಂಗಿ, ಮಂಗನ ಕಾಯಿಲೆ ನಮ್ಮ ಭಾಗದ ರೋಗಗಳೆಂದು ಅವುಗಳ ಜೀವಂತ ವೈರಸ್‌ನಲ್ಲೇ ಪ್ರಾಜೆಕ್ಟ್ ಮಾಡಬೇಕೆಂಬ ಆಸೆ ಹಲವರಿಗಿರುತ್ತದೆ. ಅದಕ್ಕೆಂದೇ ಕಟ್ಟಿದ ಉನ್ನತ ಸುರಕ್ಷತೆಯ ಪ್ರಯೋಗಾಲಯಗಳಿಗೆ ಅದನ್ನು ಬಿಡಿ. ಒಂದೇ ಪ್ರೋಟೀನಿನ ಪ್ಲಾಸ್ಮಿಡ್‌ನಿಂದ ಸೋಂಕು ಹುಟ್ಟುವುದಿಲ್ಲ. ಹಾಗೆಂದು ಕಾಗದಪತ್ರ ಬೇಡವೆಂದಲ್ಲ: ಮರುಜೋಡಣೆಯ ಡಿಎನ್‌ಎ ಕೆಲಸಕ್ಕೆ ಕಾಲೇಜಿನ ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿಗೆ ಮೊದಲೇ ಅರ್ಜಿ ಹೋಗಿರಬೇಕು. ಸಮಿತಿ ದಿನಾ ಸೇರುವುದಿಲ್ಲವಾದ್ದರಿಂದ ಪ್ಲಾಸ್ಮಿಡ್ ತರಿಸುವ ಮುಂಚೆಯೇ ಅರ್ಜಿ ಕೊಡಿ.

ಏನೇನು ಜೋಡಿಸಿಕೊಳ್ಳಬೇಕು

ಪ್ಲಾಸ್ಮಿಡ್‌ಗಳು ನಾಲ್ಕು ಬೇಕು. ಒಂದು, ಎನ್‌ಎಸ್‌ಪಿ1ರ ಮೂಲ ರೂಪ, ಫ್ಲ್ಯಾಗ್ ಅಥವಾ ಎಚ್‌ಎ ಟ್ಯಾಗ್ (ಗುರುತಿನ ತುಣುಕು) ಸಹಿತ. ಕೆಲಸ ಮಾಡುವುದು ಸಿ-ತುದಿಯಾದ್ದರಿಂದ ಟ್ಯಾಗ್ ಎನ್-ತುದಿಗೆ ಇರುವುದು ಲೇಸು. ಎರಡು, 164ರ ಲೈಸೀನ್ ಮತ್ತು 165ರ ಹಿಸ್ಟಿಡೀನ್ ಎರಡನ್ನೂ ಅಲನೀನ್‌ಗೆ ಬದಲಿಸಿದ ಮ್ಯೂಟಂಟ್. ಇದು ರೈಬೋಸೋಮಿಗೆ ಅಂಟುವುದಿಲ್ಲ, ಹಾಗಾಗಿ ತಡೆಯುವುದೂ ಇಲ್ಲ. ಮೂರು, ಖಾಲಿ ವೆಕ್ಟರ್ (ವೈರಸ್ ಜೀನ್ ಇಲ್ಲದ ಪ್ಲಾಸ್ಮಿಡ್). ನಾಲ್ಕು, ಜೀನ್‌ನ ಕೆಲಸವನ್ನು ಬೆಳಕಾಗಿ ತೋರಿಸುವ ಫೈರ್‌ಫ್ಲೈ (ಮಿಂಚುಹುಳದ) ಲ್ಯೂಸಿಫರೇಸ್ ರಿಪೋರ್ಟರ್. ಖಾಲಿ ವೆಕ್ಟರ್‌ನಲ್ಲಿ ಎನ್‌ಎಸ್‌ಪಿ1 ಪ್ಲಾಸ್ಮಿಡ್‌ನಲ್ಲಿರುವ ಪ್ರಮೋಟರೇ (ಜೀನ್‌ನ ಟ್ರಾನ್ಸ್‌ಕ್ರಿಪ್ಶನ್ ಶುರುಮಾಡಿಸುವ ಡಿಎನ್‌ಎ ಭಾಗ) ಇರಬೇಕು. ಸಿಎಂವಿಯಂಥ ಬಲವಾದ ಪ್ರಮೋಟರ್ ಕೋಶದ ಟ್ರಾನ್ಸ್‌ಕ್ರಿಪ್ಶನ್ ಸಾಮಗ್ರಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಪ್ರಮೋಟರ್ ಇಲ್ಲದ ವೆಕ್ಟರ್ ಹಾಕಿದರೆ ಆ ಎಳೆತವೇ ಶಟ್‌ಆಫ್‌ನಂತೆ ಕಾಣುತ್ತದೆ.

ರಿಪೋರ್ಟರ್ ಆಗಿ ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನ್ ಬೇಡ. ನೋಡಲು ಚಂದ, ಆದರೆ ಸಾಧಾರಣ ಜಿಎಫ್‌ಪಿಯ ಅರ್ಧಾಯುಷ್ಯ ಒಂದು ದಿನಕ್ಕೂ ಮಿಕ್ಕಿದ್ದು. ತಡೆ ಬೀಳುವ ಮುಂಚೆ ತಯಾರಾದ ಜಿಎಫ್‌ಪಿ ಹಾಗೇ ಹೊಳೆಯುತ್ತಿರುತ್ತದೆ, ಪರಿಣಾಮ ಮುಚ್ಚಿಹೋಗುತ್ತದೆ. ಫೈರ್‌ಫ್ಲೈ ಲ್ಯೂಸಿಫರೇಸ್ ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿಯುವುದರಿಂದ ಬದಲಾವಣೆ ಬೇಗ ತಿಳಿಯುತ್ತದೆ.

ಕೋಶಗಳಿಗೆ ಎಚ್‌ಇಕೆ293ಟಿ (ಮನುಷ್ಯ ಕೋಶಗಳ ಒಂದು ತಳಿ) ಸಾಕು. ಡಿಎಂಇಎಂ ಮಾಧ್ಯಮ, ಶೇ. 10 ಸೀರಮ್, 37 ಡಿಗ್ರಿ, ಶೇ. 5 ಇಂಗಾಲದ ಡೈಆಕ್ಸೈಡ್. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಇನ್‌ಕ್ಯುಬೇಟರ್‌ನ ದೊಡ್ಡ ಶತ್ರು ಬೂಷ್ಟು. ನೀರಿನ ಟ್ರೇಯನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಶೇ. 70 ಎಥನಾಲ್‌ನಲ್ಲಿ ಒರೆಸಿ, ಆಟೋಕ್ಲೇವ್ ಮಾಡಿದ ಭಟ್ಟಿ ಇಳಿಸಿದ ನೀರು ತುಂಬಿ. ಒದ್ದೆ ಕೊಡೆ, ರಟ್ಟಿನ ಪೆಟ್ಟಿಗೆ ಕಲ್ಚರ್ ಕೋಣೆಯ ಒಳಗೆ ಬರಲೇಬಾರದು. ರಟ್ಟು ತೇವ ಹೀರಿದರೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಬೆಂಗಳೂರಿನಿಂದ ಡ್ರೈ ಐಸ್‌ನಲ್ಲಿ ಬರುವ ಕಿಟ್‌ಗಳನ್ನು ಮಳೆಗಾಲಕ್ಕೆ ಮುಂಚೆಯೇ ತರಿಸಿಟ್ಟುಕೊಳ್ಳಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದರೆ ಪಾರ್ಸೆಲ್ ದಾರಿಯಲ್ಲೇ ಕರಗುತ್ತದೆ. ಕರಗಿ ಮತ್ತೆ ಹೆಪ್ಪುಗಟ್ಟಿದ ಲ್ಯೂಸಿಫರೇಸ್ ಸಬ್‌ಸ್ಟ್ರೇಟ್ ನೋಡಲು ಸರಿಯಾಗಿಯೇ ಕಾಣುತ್ತದೆ, ಕೊಡುವ ಅಂಕಿ ಮಾತ್ರ ದಿನಕ್ಕೊಂದು.

ರಿಪೋರ್ಟರ್ ಪ್ರಯೋಗ

ಮೊದಲ ದಿನ 24 ಗುಳಿಯ ಪ್ಲೇಟಿನಲ್ಲಿ ಗುಳಿಗೆ 1 ಲಕ್ಷ ಕೋಶ, 500 ಮೈಕ್ರೋಲೀಟರ್ ಮಾಧ್ಯಮದಲ್ಲಿ. ಪ್ಲೇಟನ್ನು ವೃತ್ತಾಕಾರದಲ್ಲಿ ಆಡಿಸಬೇಡಿ, ಕೋಶಗಳೆಲ್ಲ ಗುಳಿಯ ನಡುವೆ ಗುಂಪಾಗುತ್ತವೆ. ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಸರಿಸಿದರೆ ಸಮನಾಗಿ ಹರಡುತ್ತವೆ.

ಮರುದಿನ ಗುಳಿ ಶೇ. 60–70 ತುಂಬಿದಾಗ ಟ್ರಾನ್ಸ್‌ಫೆಕ್ಷನ್ (ಕೋಶದೊಳಗೆ ಪ್ಲಾಸ್ಮಿಡ್ ಹೊಗಿಸುವುದು). ಪ್ರತಿ ಗುಳಿಗೂ ಒಟ್ಟು ಡಿಎನ್‌ಎ 400 ನ್ಯಾನೋಗ್ರಾಂ. ಅದರಲ್ಲಿ ರಿಪೋರ್ಟರ್ 200. ಉಳಿದ 200ರಲ್ಲಿ ಎನ್‌ಎಸ್‌ಪಿ1 ಕ್ರಮವಾಗಿ 0, 10, 50, 200 ನ್ಯಾನೋಗ್ರಾಂ. ಕಡಿಮೆ ಬಿದ್ದದ್ದನ್ನು ಖಾಲಿ ವೆಕ್ಟರ್‌ನಿಂದ ತುಂಬಿಸಿ. ಮ್ಯೂಟಂಟಿಗೂ ಇದೇ ಅಳತೆಗಳು. ಒಂದೇ ಅಳತೆಯಲ್ಲಿ ಮಾಡಿ ಮುಗಿಸುವವರಿದ್ದಾರೆ, ಅದು ಸಾಲದು. ಅಳತೆ ಏರಿದಂತೆ ಬೆಳಕು ಇಳಿಯುವುದನ್ನು ತೋರಿಸಿದರೆ ಮಾತ್ರ ನಂಬಿಕೆ ಹುಟ್ಟುತ್ತದೆ.

ಪ್ರತಿ ಸ್ಥಿತಿಗೂ ಮೂರು ಗುಳಿ. ಮಿಶ್ರಣವನ್ನು ಮೂರೂವರೆ ಗುಳಿಗೆ ಆಗುವಷ್ಟು ಒಟ್ಟಿಗೇ ಮಾಡಿ. ಗುಳಿಯೊಂದರ ಲೆಕ್ಕದಲ್ಲಿ ಡಿಎನ್‌ಎಯನ್ನು 25 ಮೈಕ್ರೋಲೀಟರ್ ಸೀರಮ್ ಇಲ್ಲದ ಮಾಧ್ಯಮಕ್ಕೆ ಹಾಕಿ, ಡಿಎನ್‌ಎಯನ್ನು ಕೋಶದೊಳಗೆ ಸಾಗಿಸುವ ಪಿಇಐ 1.2 ಮೈಕ್ರೋಲೀಟರನ್ನು (ಮಿಲಿಲೀಟರಿಗೆ 1 ಮಿಲಿಗ್ರಾಂ ದ್ರಾವಣದಿಂದ) ಇನ್ನೊಂದು 25 ಮೈಕ್ರೋಲೀಟರಿಗೆ. ಎರಡನ್ನೂ ಕೂಡಿಸಿ ತಕ್ಷಣ ಜೋರಾಗಿ ಕಲಕಿ, 15 ನಿಮಿಷ ಬಿಟ್ಟು, ಹನಿಹನಿಯಾಗಿ ಹಾಕಿ. ಡಿಎನ್‌ಎಯ ತೂಕಕ್ಕೆ ಮೂರು ಪಟ್ಟು ಪಿಇಐ ಎಂಬುದು ಇಲ್ಲಿನ ಲೆಕ್ಕ. ಇದಕ್ಕಿಂತ ಹೆಚ್ಚಾದರೆ ಪಿಇಐಯೇ ಕೋಶಗಳನ್ನು ಕೊಲ್ಲತೊಡಗುತ್ತದೆ, ಆ ಸಾವೂ ಬೆಳಕನ್ನು ತಗ್ಗಿಸುತ್ತದೆ.

24 ಗಂಟೆ ಕಳೆದ ಮೇಲೆ ಮಾಧ್ಯಮ ತೆಗೆದು, ಪಿಬಿಎಸ್ ಉಪ್ಪುದ್ರಾವಣದಲ್ಲಿ ಒಂದೇ ಸಲ ತೊಳೆಯಿರಿ. ಪಿಬಿಎಸ್ಸನ್ನು ಗುಳಿಯ ಗೋಡೆಗುಂಟ ಇಳಿಬಿಡಿ. ಎಚ್‌ಇಕೆ ಕೋಶಗಳ ಹಿಡಿತ ಬಹಳ ಸಡಿಲ. ಪಿಪೆಟ್ ತುದಿಯಿಂದ ನೇರ ಬೀಳಿಸಿದರೆ ಅರ್ಧ ಕೋಶಗಳು ಎದ್ದು ಹೋಗುತ್ತವೆ. ಗುಳಿಗೆ 100 ಮೈಕ್ರೋಲೀಟರ್ ಕೋಶ ಒಡೆಯುವ ಲೈಸಿಸ್ ಬಫರ್ ಹಾಕಿ 15 ನಿಮಿಷ ಅಲುಗಾಡಿಸಿ. ಅದರಿಂದ 20 ಮೈಕ್ರೋಲೀಟರ್ ಬಿಳಿಯ ಅಪಾರದರ್ಶಕ ಪ್ಲೇಟಿಗೆ, ಮೇಲೆ 100 ಮೈಕ್ರೋಲೀಟರ್ ಸಬ್‌ಸ್ಟ್ರೇಟ್, 10 ಸೆಕೆಂಡಿನ ಓದು. ಪಾರದರ್ಶಕ ಪ್ಲೇಟಾದರೆ ಪಕ್ಕದ ಗುಳಿಯ ಬೆಳಕು ಇಲ್ಲಿಗೂ ಸೋರುತ್ತದೆ. ಎನ್‌ಎಸ್‌ಪಿ1 ಇರುವ ಮಂಕು ಗುಳಿ ಖಾಲಿ ವೆಕ್ಟರ್‌ನ ಉಜ್ವಲ ಗುಳಿಯ ಪಕ್ಕದಲ್ಲಿದ್ದರಂತೂ ನಿಮ್ಮ ಪರಿಣಾಮವೇ ಕರಗಿಹೋಗುತ್ತದೆ. ಮತ್ತೊಂದು ಮಾತು, ಮಾರ್ಚ್ ಏಪ್ರಿಲ್‌ನಲ್ಲಿ ಮಂಗಳೂರಿನ ಕೋಣೆಯ ಉಷ್ಣತೆ 32 ಡಿಗ್ರಿ ದಾಟುತ್ತದೆ, ಫೈರ್‌ಫ್ಲೈ ಕಿಣ್ವ ಆ ಬಿಸಿಗೆ ಸೊರಗುತ್ತದೆ. ಕಿಟ್‌ನ ಕಾಗದದಲ್ಲಿ “ಕೋಣೆಯ ಉಷ್ಣತೆ” ಎಂದಿದ್ದರೆ 22–25 ಡಿಗ್ರಿ ಎಂದೇ ತಿಳಿಯಿರಿ, ಎಸಿ ಹಾಕಿ ಅರ್ಧ ಗಂಟೆ ಕಳೆದ ಮೇಲೆ ಓದಿ.

ಎಲ್ಲ ಸರಿಯಾಗಿದ್ದರೆ ಮೂಲ ಎನ್‌ಎಸ್‌ಪಿ1 ಇರುವ ಗುಳಿಗಳಲ್ಲಿ ಬೆಳಕು ಹತ್ತರಲ್ಲೊಂದು ಪಾಲಿನ ಆಸುಪಾಸಿಗೂ ಇಳಿಯುವುದುಂಟು. ಮ್ಯೂಟಂಟ್ ಖಾಲಿ ವೆಕ್ಟರ್‌ನ ಮಟ್ಟದ ಹತ್ತಿರವೇ ನಿಲ್ಲಬೇಕು.

ರೆನಿಲ್ಲಾದಿಂದ ಭಾಗಿಸಬೇಡಿ

ಡ್ಯುಯಲ್ ಲ್ಯೂಸಿಫರೇಸ್ ಕಿಟ್ ಕಲಿತವರೆಲ್ಲ ಮಾಡುವ ತಪ್ಪು ಇದು, ಪ್ರಕಟವಾದ ಕೆಲಸಗಳಲ್ಲೂ ಆಗಾಗ ನುಸುಳುತ್ತದೆ. ಟ್ರಾನ್ಸ್‌ಫೆಕ್ಷನ್ ಹೆಚ್ಚುಕಮ್ಮಿಯನ್ನು ಸರಿತೂಗಿಸಲು ಫೈರ್‌ಫ್ಲೈ ಅಂಕಿಯನ್ನು ರೆನಿಲ್ಲಾ (ಜೊತೆಗೆ ಹಾಕುವ ಇನ್ನೊಂದು ಲ್ಯೂಸಿಫರೇಸ್) ಅಂಕಿಯಿಂದ ಭಾಗಿಸುವುದು ರೂಢಿ. ಒಂದು ಪ್ರಮೋಟರನ್ನು ಅಳೆಯುವಾಗ ಅದು ಸರಿ. ಆದರೆ ಎನ್‌ಎಸ್‌ಪಿ1 ರೆನಿಲ್ಲಾವನ್ನೂ ಬಿಡುವುದಿಲ್ಲ; ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ, ಭಾಗಿಸಿದಾಗ 1 ಬರುತ್ತದೆ, “ಪರಿಣಾಮವಿಲ್ಲ” ಎಂಬ ತೀರ್ಮಾನಕ್ಕೆ ಬರುತ್ತೀರಿ. ಇಲ್ಲಿ ಹೋಲಿಕೆಗೆ ಬೇಕಾದದ್ದು ತಡೆಗೆ ಒಳಗಾಗದ ಒಂದು ಅಳತೆ. ಲೈಸೇಟ್‌ನ (ಒಡೆದ ಕೋಶಗಳ ದ್ರಾವಣದ) ಒಟ್ಟು ಪ್ರೋಟೀನನ್ನು ಬಿಸಿಎ ವಿಧಾನದಲ್ಲಿ ಅಳೆದು ಅದಕ್ಕೆ ಹೋಲಿಸಬಹುದು, 24 ಗಂಟೆಯಲ್ಲಿ ಅದು ಹೆಚ್ಚೇನೂ ಬದಲಾಗುವುದಿಲ್ಲ. ಕೋಶ ಎಣಿಸಿದರೆ ಇನ್ನೂ ಒಳ್ಳೆಯದು.

ಇದೇ ಜಾತಿಯ ಇನ್ನೊಂದು ಗೊಂದಲ ಆಂಟಿಬಾಡಿಯಿಂದ ಪ್ರೋಟೀನ್ ಪತ್ತೆ ಹಚ್ಚುವ ವೆಸ್ಟರ್ನ್ ಬ್ಲಾಟ್‌ನಲ್ಲಿ. ಎನ್‌ಎಸ್‌ಪಿ1 ಸುಮಾರು 20 ಕಿಲೋಡಾಲ್ಟನ್, ಶೇ. 15ರ ಜೆಲ್ ಬೇಕು. ಬ್ಲಾಟ್ ತೆರೆದಾಗ ಮ್ಯೂಟಂಟಿನ ಪಟ್ಟಿ ದಪ್ಪಗೆ, ಮೂಲ ಪ್ರೋಟೀನಿನದು ತೆಳ್ಳಗೆ ಕಾಣುತ್ತದೆ. ಪ್ಲಾಸ್ಮಿಡ್ ಕೆಟ್ಟಿದೆ ಎಂದುಕೊಂಡು ಹೊಸದಾಗಿ ತಯಾರಿಸಲು ಕೂರಬೇಡಿ. ಎನ್‌ಎಸ್‌ಪಿ1 ತನ್ನದೇ ಎಂಆರ್‌ಎನ್‌ಎಯ ಓದನ್ನೂ ತಡೆಯುತ್ತದೆ, ಯಾಕೆಂದರೆ ಪ್ಲಾಸ್ಮಿಡ್‌ನಿಂದ ಹುಟ್ಟಿದ ಆ ಎಂಆರ್‌ಎನ್‌ಎಗೆ ವೈರಸ್ಸಿನ ಲೀಡರ್ ಇಲ್ಲ. ಮೂಲ ಪ್ರೋಟೀನ್ ಕಡಿಮೆ, ಮ್ಯೂಟಂಟ್ ಹೆಚ್ಚು ಎಂಬುದು ಕೆಲಸ ಆಗಿದೆ ಎನ್ನುವುದಕ್ಕೆ ಒಳ್ಳೆಯ ಸೂಚನೆ. ಇದರಿಂದ ಇನ್ನೂ ಒಂದು ಲಾಭವುಂಟು: “ಮ್ಯೂಟಂಟ್ ತಯಾರಾಗಲೇ ಇಲ್ಲ, ಅದಕ್ಕೇ ತಡೆಯಲಿಲ್ಲ” ಎಂಬ ಆಕ್ಷೇಪಕ್ಕೂ ಇದೇ ಬ್ಲಾಟ್ ಉತ್ತರ.

ಕೋಶ ಸತ್ತದ್ದಲ್ಲ ಎಂಬುದನ್ನೂ ತೋರಿಸಬೇಕು. ಸತ್ತ ಕೋಶಗಳಿಗೆ ಬಣ್ಣ ಹಿಡಿಸುವ ಟ್ರಿಪಾನ್ ಬ್ಲೂ ಎಣಿಕೆ, ಮಾಧ್ಯಮಕ್ಕೆ ಸೋರಿದ ಎಲ್‌ಡಿಎಚ್ ಕಿಣ್ವ, ಇಷ್ಟು ಸಾಕು. ಎಂಟಿಟಿ ಪರೀಕ್ಷೆ ಒಂದನ್ನೇ ನೆಚ್ಚಬೇಡಿ. ಅದು ಅಳೆಯುವುದು ಚಯಾಪಚಯವನ್ನು. ಪ್ರೋಟೀನ್ ತಯಾರಿ ನಿಂತ ಕೋಶ ಬದುಕಿದ್ದರೂ ಎಂಟಿಟಿ ತಗ್ಗಬಹುದು.

ಎಂಆರ್‌ಎನ್‌ಎ ಇದೆಯೇ, ಇಲ್ಲವೇ?

ಬೆಳಕು ಇಳಿದದ್ದು ಎಂಆರ್‌ಎನ್‌ಎ ಇಲ್ಲದೆಯೋ, ಇದ್ದೂ ಓದಲಾಗದೆಯೋ ಎಂದು ಕ್ಯುಪಿಸಿಆರ್ ಹೇಳುತ್ತದೆ. ಜೊತೆಗೆ ಇನ್ನೊಂದು ಬ್ಯಾಚ್ ಗುಳಿಗಳನ್ನು ಇಡಿ, ಟ್ರೈಜಾಲ್ ದ್ರಾವಣದಲ್ಲಿ ಆರ್‌ಎನ್‌ಎ ತೆಗೆಯಿರಿ. ಪ್ಲಾಸ್ಮಿಡ್ ಹಾಕಿದ ಕೋಶಗಳಾದ್ದರಿಂದ ಡಿಎನ್‌ಎ ನಾಶಮಾಡುವ ಡಿಎನ್‌ಏಸ್ ಉಪಚಾರ ಕಡ್ಡಾಯ. ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ (ಸಿಡಿಎನ್‌ಎ) ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಕಂಟ್ರೋಲ್ ಪ್ರತಿ ಮಾದರಿಗೂ ಇರಲಿ. ಅದರಲ್ಲೂ ಸಿಗ್ನಲ್ ಬಂದರೆ ನೀವು ಅಳೆಯುತ್ತಿರುವುದು ಉಳಿದ ಪ್ಲಾಸ್ಮಿಡ್ಡನ್ನು.

ಇಲ್ಲಿಯ ಕುಳಿ, ಹೋಲಿಕೆಗೆಂದು ರೂಢಿಯಲ್ಲಿ ಬಳಸುವ ಜಿಎಪಿಡಿಎಚ್ ಜೀನ್. ಲೆಕ್ಕ ಹಾಕಿ ನೋಡೋಣ. ಖಾಲಿ ವೆಕ್ಟರ್‌ನಲ್ಲಿ ಲ್ಯೂಸಿಫರೇಸ್ ಸಿಟಿ (ಸಿಗ್ನಲ್ ಕಾಣಿಸಿಕೊಳ್ಳುವ ಆವರ್ತ; ಆರ್‌ಎನ್‌ಎ ಕಡಿಮೆಯಾದಷ್ಟೂ ಇದು ಹೆಚ್ಚು) 20, ಜಿಎಪಿಡಿಎಚ್ ಸಿಟಿ 17 ಎಂದಿಟ್ಟುಕೊಳ್ಳಿ. ಎಂಆರ್‌ಎನ್‌ಎಯನ್ನು ಎಲ್ಲೆಡೆ ಕತ್ತರಿಸುವ ವೈರಸ್ ಪ್ರೋಟೀನ್ ಇರುವ ಮಾದರಿಯಲ್ಲಿ ಅವು 23 ಮತ್ತು 20ಕ್ಕೆ ಏರಿವೆ. ಡೆಲ್ಟಾ ಸಿಟಿ (ಎರಡು ಸಿಟಿಗಳ ವ್ಯತ್ಯಾಸ) ಎರಡೂ ಮಾದರಿಗಳಲ್ಲಿ 3. ಡೆಲ್ಟಾ-ಡೆಲ್ಟಾ ಸಿಟಿ (ಆ ಎರಡು ವ್ಯತ್ಯಾಸಗಳ ನಡುವಿನ ಅಂತರ) ಸೊನ್ನೆ. ಕಾಗದದ ಮೇಲೆ ಬದಲಾವಣೆಯೇ ಇಲ್ಲ. ಕೋಶದೊಳಗೆ ಎರಡೂ ಎಂಟು ಪಟ್ಟು ಕಡಿಮೆಯಾಗಿವೆ. ಆಕ್ಟಿನ್ ತೆಗೆದುಕೊಂಡರೂ ಅಷ್ಟೇ, ಅದೂ ಪಾಲಿಮರೇಸ್-2ರ ಕೂಸೇ. ಹೋಲಿಕೆಗೆ ಪಾಲಿಮರೇಸ್-1ರ 18ಎಸ್ ಅಥವಾ ಪಾಲಿಮರೇಸ್-3ರ 7ಎಸ್‌ಕೆ ಬಳಸಿ. 18ಎಸ್‌ನ ಸಿಟಿ ತೀರ ಕಡಿಮೆ ಬರುವುದರಿಂದ ಸಿಡಿಎನ್‌ಎಯನ್ನು ನೂರು ಪಟ್ಟು ತೆಳುಗೊಳಿಸಿ ಹಾಕಬೇಕಾದೀತು. ಮತ್ತು ಸಿಡಿಎನ್‌ಎಗೆ ರ್‍ಯಾಂಡಮ್ ಹೆಕ್ಸಮರ್ ಪ್ರೈಮರ್ ಬೇಕು. ಪಾಲಿ-ಎ ಬಾಲವಿಲ್ಲದ 18ಎಸ್ ಆ ಬಾಲವನ್ನು ಹಿಡಿಯುವ ಆಲಿಗೋ-ಡಿಟಿ ಪ್ರೈಮರಿಗೆ ಸಿಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ದಾರಿ ಹೊರಗಿನಿಂದ ಸೇರಿಸುವ ಆರ್‌ಎನ್‌ಎ. ಪ್ರಯೋಗನಾಳದಲ್ಲಿ ತಯಾರಿಸಿದ, ಮನುಷ್ಯ ಕೋಶದಲ್ಲಿ ಇಲ್ಲದ ಯಾವುದಾದರೂ ಆರ್‌ಎನ್‌ಎಯನ್ನು ಸಮಸಂಖ್ಯೆಯ ಕೋಶಗಳಿರುವ ಪ್ರತಿ ಮಾದರಿಯ ಟ್ರೈಜಾಲ್‌ಗೂ 1 ನ್ಯಾನೋಗ್ರಾಂನಂತೆ ಹಾಕಿ. ಆರ್‌ಎನ್‌ಎ ತೆಗೆಯುವ ಮೊದಲೇ ಹಾಕಬೇಕು. ಆಮೇಲೆ ಹಾಕಿದರೆ ತೆಗೆಯುವಾಗಿನ ನಷ್ಟ ಲೆಕ್ಕಕ್ಕೆ ಸಿಗುವುದಿಲ್ಲ. ಕೋಶದಲ್ಲಿ ಫೈರ್‌ಫ್ಲೈ ರಿಪೋರ್ಟರ್ ಇರುವಾಗ ಫೈರ್‌ಫ್ಲೈ ಆರ್‌ಎನ್‌ಎಯನ್ನೇ ಸೇರಿಸುವಂತಿಲ್ಲ ಎಂಬುದು ಬೇರೆ ಹೇಳಬೇಕಿಲ್ಲ.

ಎಂಆರ್‌ಎನ್‌ಎ ಇಳಿದಿದೆ ಎಂದಾದರೆ ಮುಂದಿನ ಪ್ರಶ್ನೆ: ಹುಟ್ಟುವುದು ನಿಂತಿತೋ, ಹುಟ್ಟಿದ್ದು ನಾಶವಾಯಿತೋ? ಕಡಿಮೆ ಖರ್ಚಿನ ಉಪಾಯ ಇಂಟ್ರಾನ್‌ಗೆ (ಎಂಆರ್‌ಎನ್‌ಎ ಪಕ್ವವಾಗುವಾಗ ಕತ್ತರಿಸಿ ತೆಗೆಯುವ ಭಾಗಕ್ಕೆ) ಪ್ರೈಮರ್ ಮಾಡಿಸುವುದು. ಇಂಟ್ರಾನ್ ಇರುವ ಆರ್‌ಎನ್‌ಎ ಆಗತಾನೇ ಹುಟ್ಟಿದ್ದು, ಇನ್ನೂ ಸ್ಪ್ಲೈಸ್ ಆಗದ್ದು. ಕೋಶದ ಯಾವುದಾದರೂ ಜೀನ್‌ನಲ್ಲಿ ಎಕ್ಸಾನ್ (ಉಳಿಯುವ ಭಾಗ) ಸಿಗ್ನಲ್ ಇಳಿದು ಇಂಟ್ರಾನ್ ಸಿಗ್ನಲ್ ಹಾಗೇ ಇದ್ದರೆ ನಾಶ. ಎರಡೂ ಇಳಿದರೆ ಟ್ರಾನ್ಸ್‌ಕ್ರಿಪ್ಶನ್‌ನದೇ ಅನುಮಾನ. ಇದನ್ನು ಆಕ್ಟಿನೋಮೈಸಿನ್-ಡಿಯಿಂದ ದೃಢಪಡಿಸಿ: ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಹಾಕಿ ಹೊಸ ಟ್ರಾನ್ಸ್‌ಕ್ರಿಪ್ಶನ್ ನಿಲ್ಲಿಸಿ, 0, 1, 2, 4 ಗಂಟೆಗೆ ಆರ್‌ಎನ್‌ಎ ತೆಗೆದು ಇಳಿಕೆಯ ವೇಗ ನೋಡಿ. ಔಷಧ ಕೆಲಸ ಮಾಡಿದೆಯೇ ಎಂದು ತಿಳಿಯಲು ಎಂವೈಸಿ ಎಂಆರ್‌ಎನ್‌ಎ ಇರಲಿ, ಅದರ ಆಯುಷ್ಯ ಬಹಳ ಕಡಿಮೆ, ಮೊದಲ ಗಂಟೆಯಲ್ಲೇ ಕುಸಿಯಬೇಕು. ಆಕ್ಟಿನೋಮೈಸಿನ್ ವಿಷ; ಕೈಗವಸು, ಪ್ರತ್ಯೇಕ ತ್ಯಾಜ್ಯ ಬಾಟಲಿ ಎರಡೂ ಬೇಕು.

ಒಂದು ಸೂಕ್ಷ್ಮವನ್ನು ಮರೆಯಬಾರದು. ಸೈಟೋಪ್ಲಾಸಂನಲ್ಲಿ ಎಂಆರ್‌ಎನ್‌ಎ ರಾಶಿಯಾಗಿ ನಾಶವಾದಾಗ, ಅದಕ್ಕೆ ಅಂಟಿಕೊಂಡಿದ್ದ ಪಿಎಬಿಪಿ ಪ್ರೋಟೀನ್ ಬಿಡುಗಡೆಯಾಗಿ ಕೋಶಕೇಂದ್ರಕ್ಕೆ ಹೋಗುತ್ತದೆ, ಅದರ ಬೆನ್ನಿಗೇ ಟ್ರಾನ್ಸ್‌ಕ್ರಿಪ್ಶನ್ ಕೂಡ ತಗ್ಗುತ್ತದೆ. ಹರ್ಪಿಸ್ ಗುಂಪಿನ ವೈರಸ್‌ಗಳ ಆರ್‌ಎನ್‌ಎ ಕತ್ತರಿಗಳಲ್ಲಿ ಇದು ಚೆನ್ನಾಗಿ ಕಂಡುಬಂದಿದೆ. 24ನೇ ಗಂಟೆಯ ಒಂದೇ ಮಾದರಿ ನೋಡಿದವರಿಗೆ ಎರಡು ಹಂತಗಳಲ್ಲೂ ತಡೆ ಕಾಣುತ್ತದೆ. ಯಾವುದು ಕಾರಣ, ಯಾವುದು ಅದರ ಫಲ ಎಂದು ತಿಳಿಯುವುದಿಲ್ಲ. 6, 12, 18 ಗಂಟೆಯ ಮಾದರಿಗಳನ್ನೂ ತೆಗೆದಿಡಿ. ಮೊದಲು ಇಳಿದದ್ದೇ ಮೂಲ.

ಟ್ರಾನ್ಸ್‌ಲೇಶನ್‌ನ ನೇರ ಅಳತೆ

ರಿಪೋರ್ಟರ್ ಬಿಟ್ಟು, ಕೋಶದ ಎಲ್ಲ ಪ್ರೋಟೀನ್ ತಯಾರಿಯನ್ನೂ ಒಟ್ಟಿಗೆ ನೋಡಲು ಪ್ಯೂರೋಮೈಸಿನ್ ವಿಧಾನವಿದೆ. 2009ರಲ್ಲಿ ಪ್ರಕಟವಾದ ಇದಕ್ಕೆ ವಿಕಿರಣಶೀಲ ಗಂಧಕ ಬೇಡ, ಹಾಗಾಗಿ ಕಾಲೇಜಿಗೆ ಹೇಳಿ ಮಾಡಿಸಿದಂತಿದೆ. ಬೆಳೆಯುತ್ತಿರುವ ಪ್ರೋಟೀನ್ ಸರಪಳಿಯ ತುದಿಗೆ ಪ್ಯೂರೋಮೈಸಿನ್ ಸೇರಿಕೊಳ್ಳುತ್ತದೆ, ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಅದನ್ನು ಗುರುತಿಸುವ ಆಂಟಿಬಾಡಿ ಹಾಕಿ ಬ್ಲಾಟ್ ಮಾಡಿದರೆ ಮೇಲಿನಿಂದ ಕೆಳಗಿನವರೆಗೆ ಉದ್ದದ ಹರಹು ಕಾಣುತ್ತದೆ. ಹರಹು ಗಾಢವಾಗಿದ್ದರೆ ತಯಾರಿ ಜೋರಾಗಿದೆ.

ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಪ್ಯೂರೋಮೈಸಿನ್, 37 ಡಿಗ್ರಿಯಲ್ಲಿ 10 ನಿಮಿಷ, ಕೂಡಲೇ ಮಂಜುಗಡ್ಡೆಯ ಮೇಲೆ ಲೈಸಿಸ್. ಹತ್ತು ನಿಮಿಷವೆಂದರೆ ಎಲ್ಲ ಗುಳಿಗೂ ಹತ್ತೇ ನಿಮಿಷ. ಹನ್ನೆರಡು ಗುಳಿಗೆ ಒಟ್ಟಿಗೆ ಹಾಕಿ ಒಂದೊಂದಾಗಿ ತೆಗೆಯುತ್ತ ಹೋದರೆ ಕೊನೆಯದಕ್ಕೆ ಇಪ್ಪತ್ತು ನಿಮಿಷ ಆಗಿರುತ್ತದೆ. ಹಾಕುವುದನ್ನೂ ಅರ್ಧರ್ಧ ನಿಮಿಷದ ಅಂತರದಲ್ಲಿ ಮಾಡಿ. ಜೆಲ್‌ಗೆ 20 ಮೈಕ್ರೋಗ್ರಾಂ ಪ್ರೋಟೀನ್. ಪ್ಯೂರೋಮೈಸಿನ್ ಹಾಕದ ಒಂದು ಪಟ್ಟಿ, ಪ್ರೋಟೀನ್ ತಯಾರಿ ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್ ಅನ್ನು ಮಿಲಿಲೀಟರಿಗೆ 100 ಮೈಕ್ರೋಗ್ರಾಂನಂತೆ ಮುಂಚಿತವಾಗಿ ಕೊಟ್ಟ ಒಂದು ಪಟ್ಟಿ ಇರಲೇಬೇಕು. ಎರಡರಲ್ಲೂ ಹರಹು ಕಾಣಬಾರದು. ಸಮ ಪ್ರಮಾಣ ತೋರಿಸಲು ಪಾನ್ಸೊ ಬಣ್ಣದಲ್ಲಿ ಇಡೀ ಪೊರೆಯ ಚಿತ್ರ ತೆಗೆಯಿರಿ.

ಎರಡು ಕಡೆ ಇದು ಕೈಕೊಡುತ್ತದೆ. ನಿಮ್ಮ ಕೋಶಗಳನ್ನು ಯಾರಾದರೂ ಹಿಂದೆ ಜೀನ್ ಸೇರಿಸಲು ಲೆಂಟಿವೈರಸ್ ಹಾಕಿ ಪ್ಯೂರೋಮೈಸಿನ್‌ನಲ್ಲಿ ಆರಿಸಿದ್ದರೆ, ಅವುಗಳಲ್ಲಿ ಪ್ಯೂರೋಮೈಸಿನ್ ನಿಷ್ಕ್ರಿಯಗೊಳಿಸುವ ಕಿಣ್ವ ಇರುತ್ತದೆ, ಹರಹು ಬರುವುದೇ ಇಲ್ಲ. ಶೀಷೆಯ ಮೇಲಿನ ಚೀಟಿಯನ್ನು ಮಾತ್ರ ನಂಬದೆ ಆ ಕೋಶಗಳ ಪೂರ್ವಚರಿತ್ರೆ ಕೇಳಿ. ಎರಡನೆಯದು ಇನ್ನೂ ಸಾಮಾನ್ಯ: ಟ್ರಾನ್ಸ್‌ಫೆಕ್ಷನ್ ಶೇ. 40ರಷ್ಟು ಕೋಶಗಳಿಗೆ ಮಾತ್ರ ತಲುಪಿದ್ದರೆ, ಉಳಿದ ಶೇ. 60 ಎಂದಿನಂತೆ ಪ್ರೋಟೀನ್ ಮಾಡುತ್ತಿರುತ್ತವೆ. ರಿಪೋರ್ಟರ್‌ನಲ್ಲಿ ಶೇ. 90 ಇಳಿಕೆ ಕಂಡವರು ಇಲ್ಲಿ ಅರ್ಧವೂ ಇಳಿಯದ್ದನ್ನು ಕಂಡು ಗಾಬರಿಯಾಗುತ್ತಾರೆ. ರಿಪೋರ್ಟರ್ ಹೊಳೆಯುವುದು ಪ್ಲಾಸ್ಮಿಡ್ ಹೊಕ್ಕ ಕೋಶಗಳಲ್ಲಷ್ಟೇ, ಬ್ಲಾಟ್ ನೋಡುವುದು ಎಲ್ಲವನ್ನೂ. ಕವರ್‌ಸ್ಲಿಪ್ ಮೇಲೆ ಕೋಶ ಬೆಳೆಸಿ, ಟ್ಯಾಗ್ ಮತ್ತು ಪ್ಯೂರೋಮೈಸಿನ್ ಎರಡಕ್ಕೂ ಬೇರೆ ಬೇರೆ ಬಣ್ಣದ ಆಂಟಿಬಾಡಿ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಗೊಂದಲ ಬಗೆಹರಿಯುತ್ತದೆ: ಎನ್‌ಎಸ್‌ಪಿ1 ಇರುವ ಕೋಶ ಪ್ಯೂರೋಮೈಸಿನ್ ಬಣ್ಣದಲ್ಲಿ ಕಪ್ಪಾಗಿ, ಪಕ್ಕದ್ದು ಬೆಳಗಿ ನಿಂತಿರುತ್ತದೆ.

ತಡೆದದ್ದು ವೈರಸ್ಸೋ, ಕೋಶವೋ?

ಇಷ್ಟಾದ ಮೇಲೂ ಒಂದು ಅನುಮಾನ ಉಳಿಯುತ್ತದೆ, ಪರೀಕ್ಷಕರು ಕೇಳುವುದೂ ಇದನ್ನೇ. ಜೋಡಿ ಎಳೆಯ ಆರ್‌ಎನ್‌ಎ ಕಂಡರೆ ಕೋಶದ ಪಿಕೆಆರ್ ಎಂಬ ಕಿಣ್ವ ಎಚ್ಚೆತ್ತು, ಟ್ರಾನ್ಸ್‌ಲೇಶನ್ ಶುರುಮಾಡಿಸುವ ಇಐಎಫ್2-ಆಲ್ಫಾಕ್ಕೆ ಫಾಸ್ಫೇಟ್ ಸೇರಿಸುತ್ತದೆ, ಟ್ರಾನ್ಸ್‌ಲೇಶನ್ ತಾನಾಗಿ ಇಳಿಯುತ್ತದೆ. ಅದು ಕೋಶದ ಆತ್ಮರಕ್ಷಣೆ, ವೈರಸ್ಸಿನ ತಡೆಯಲ್ಲ. ಪ್ಲಾಸ್ಮಿಡ್ ಟ್ರಾನ್ಸ್‌ಫೆಕ್ಷನ್‌ನಿಂದಲೂ ಒಂದಿಷ್ಟು ಪಿಕೆಆರ್ ಎಚ್ಚರಗೊಳ್ಳಬಹುದು. ಅದೇ ಲೈಸೇಟ್‌ನಲ್ಲಿ 51ರ ಸೆರೀನ್ ಫಾಸ್ಫೇಟಾದ ಇಐಎಫ್2-ಆಲ್ಫಾ ಎಷ್ಟಿದೆ, ಒಟ್ಟು ಇಐಎಫ್2-ಆಲ್ಫಾ ಎಷ್ಟಿದೆ ಎಂದು ಬ್ಲಾಟ್ ಮಾಡಿ. ಲೈಸಿಸ್ ಬಫರ್‌ಗೆ ಫಾಸ್ಫಟೇಸ್ ತಡೆಕಾರಕ ಹಾಕಲು ಮರೆತರೆ ಫಾಸ್ಫೇಟ್ ಹಾರಿಹೋಗಿ “ಪಿಕೆಆರ್ ಎಚ್ಚೆತ್ತಿಲ್ಲ” ಎಂಬ ಸುಳ್ಳು ಉತ್ತರ ಬರುತ್ತದೆ. ಮೂಲ ಎನ್‌ಎಸ್‌ಪಿ1, ಮ್ಯೂಟಂಟ್ ಎರಡರಲ್ಲೂ ಫಾಸ್ಫೇಟಿನ ಮಟ್ಟ ಒಂದೇ ಇದ್ದು ಟ್ರಾನ್ಸ್‌ಲೇಶನ್ ಮಾತ್ರ ಬೇರೆಯಾಗಿದ್ದರೆ, ತಡೆ ಎನ್‌ಎಸ್‌ಪಿ1ರದೇ.

ಸಮಯವಿದ್ದವರು ಕೊನೆಗೊಂದು ರಿಪೋರ್ಟರ್ ಸೇರಿಸಿ: ಲ್ಯೂಸಿಫರೇಸ್‌ನ ಮುಂದೆ ಸಾರ್ಸ್-ಕೋವ್-2ರ 5′ ಲೀಡರ್ ಇರುವಂಥದ್ದು. ಟ್ರಾನ್ಸ್‌ಕ್ರಿಪ್ಶನ್ ಶುರುವಾಗುವ ಜಾಗದಿಂದ ಲೀಡರ್‌ಗೆ ಹೆಚ್ಚುವರಿ ನ್ಯೂಕ್ಲಿಯೋಟೈಡ್‌ಗಳು ಅಂಟಿಕೊಳ್ಳದಂತೆ ವಿನ್ಯಾಸ ಮಾಡಬೇಕು. ಎಸ್‌ಎಲ್1 ಸುರುಳಿ ಕ್ಯಾಪಿಗೆ ಸಮೀಪವಿದ್ದರೇನೇ ಕಾಪಾಡುವುದು. ಮಾಮೂಲಿ ರಿಪೋರ್ಟರ್ ಕುಸಿದು ಲೀಡರ್ ಇರುವುದು ತಲೆ ಎತ್ತಿ ನಿಂತರೆ, ಪಿಇಐಯ ವಿಷ, ಕೋಶದ ಸಾವು, ಪ್ರಮೋಟರ್ ಎಳೆತ ಎಂಬ ಆಕ್ಷೇಪಗಳಿಗೆಲ್ಲ ಒಂದೇ ಏಟಿಗೆ ಉತ್ತರ ಸಿಕ್ಕಿತು. ಅವು ಎರಡೂ ರಿಪೋರ್ಟರ್‌ಗಳನ್ನು ಸಮನಾಗಿ ಹೊಡೆಯಬೇಕಿತ್ತು.

ಅಂಕಿಗಳನ್ನು ಬರೆಯುವಾಗ

ಒಂದೇ ಪ್ಲೇಟಿನ ಮೂರು ಗುಳಿ ಎಂದರೆ ಮೂರು ಪ್ರಯೋಗವಲ್ಲ, ಒಂದೇ ಪ್ರಯೋಗ. ಬೇರೆ ಬೇರೆ ದಿನ, ಬೇರೆ ಪ್ಯಾಸೇಜಿನ (ಮರುಬಿತ್ತನೆಯ ತಲೆಮಾರಿನ) ಕೋಶಗಳಲ್ಲಿ ಮೂರು ಸಲ ಮಾಡಿ, ಪ್ರತಿ ದಿನದ ಸರಾಸರಿಯನ್ನು ಒಂದು ಬಿಂದುವಾಗಿ ಹಾಕಿ. ಸಂಖ್ಯಾಶಾಸ್ತ್ರದ ಪರೀಕ್ಷೆ ಆ ಮೂರು ಬಿಂದುಗಳ ಮೇಲೆ. ಖಾಲಿ ವೆಕ್ಟರನ್ನು 100 ಎಂದಿಟ್ಟು ಶೇಕಡಾವಾರು ತೋರಿಸುವುದಾದರೆ ಮೂಲ ಲ್ಯುಮಿನೋಮೀಟರ್ ಅಂಕಿಗಳನ್ನೂ ಅನುಬಂಧದಲ್ಲಿ ಕೊಡಿ. ಖಾಲಿ ವೆಕ್ಟರ್‌ನ ಅಂಕಿಯೇ ದಿನದಿಂದ ದಿನಕ್ಕೆ ಹತ್ತು ಪಟ್ಟು ಏರಿಳಿದಿದ್ದರೆ ಶೇಕಡಾವಾರು ಅದನ್ನು ಮುಚ್ಚಿಡುತ್ತದೆ. ಯಾವ ಗುಳಿಯಲ್ಲಿ ಪ್ಲಾಸ್ಮಿಡ್ ಹಾಕಿಲ್ಲವೋ ಅದರ ಹಿನ್ನೆಲೆ ಅಂಕಿಯನ್ನು ಎಲ್ಲದರಿಂದ ಕಳೆದಿರಬೇಕು. ಉಳಿದ ಲೈಸೇಟನ್ನು ಚೆಲ್ಲಬೇಡಿ. 20 ಮೈಕ್ರೋಲೀಟರಿನಂತೆ ಹಂಚಿ ಮೈನಸ್ 80ರಲ್ಲಿಡಿ, ಟ್ಯೂಬಿನ ಮೇಲೆ ದಿನಾಂಕದ ಜೊತೆ ಪ್ಲಾಸ್ಮಿಡ್ ತಯಾರಿಕೆಯ ಬ್ಯಾಚ್ ಸಂಖ್ಯೆಯನ್ನೂ ಬರೆಯಿರಿ. ಫಲಿತಾಂಶ ಒಮ್ಮೆಲೇ ಬದಲಾದಾಗ ಮೊದಲು ನೋಡಬೇಕಾದದ್ದು ಆ ಸಂಖ್ಯೆಯನ್ನು.